ಗಿಳಿಯ ನೋವಿಗೆ ಯಾವ ಮದ್ದು?

ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುವ ರೈತರಿದ್ದಾರೆ. ನಾವು ಹಬ್ಬದ ದಿನ ಪಾಯಸ ಮಾಡುವ ಗಸಗಸೆಯೂ ಅದೇ ಗಿಡದ ಬೀಜವೇ. ಕಾಯಿ ಬಲಿಯುವ ಹೊತ್ತಿಗೆ ಅದರ ಮೈಗೆ ಸಣ್ಣ ಗೀರು ಹಾಕುತ್ತಾರೆ, ಒಸರಿದ ಹಾಲು ಗಟ್ಟಿಯಾಗಿ ಅಫೀಮಾಗುತ್ತದೆ. ಆ ಹಂಗಾಮಿನಲ್ಲಿ ಗಿಳಿಗಳು ಹಿಂಡು ಹಿಂಡಾಗಿ ಹೊಲಕ್ಕಿಳಿದು ಕಾಯಿಯನ್ನೇ ಕತ್ತರಿಸಿಕೊಂಡು ಹಾರಿಹೋಗುತ್ತವೆ ಎಂಬುದು ಅಲ್ಲಿನ ರೈತರ ದೂರು. ಡಬ್ಬ ಬಡಿದು, ಪಟಾಕಿ ಹೊಡೆದು ಓಡಿಸಿದರೂ ಮತ್ತೆ ಬರುತ್ತವಂತೆ. ಪತ್ರಿಕೆಗಳು ಇದನ್ನು ‘ಗಿಳಿಗಳಿಗೂ ಅಫೀಮಿನ ಚಟ’ ಎಂದು ಬರೆದವು, ಓದಿದವರು ನಕ್ಕರು.

ಅದೇ ಅಫೀಮಿನ ಕುಲಕ್ಕೆ ಸೇರಿದ ಔಷಧಿಗಳು ಗಾಯಗೊಂಡ ಗಿಳಿಗೆ ಯಾವಾಗ ಬೇಕು, ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದು ನನ್ನ ಇವತ್ತಿನ ವಿಷಯ. ಪಶುವೈದ್ಯನಾಗಿ ನನಗೆ ಇದು ಬಹಳ ಮುಖ್ಯ ಅನ್ನಿಸಿದೆ. ಹಕ್ಕಿಯ ಮೂಳೆ ಕೂಡಿಸುವುದನ್ನು, ಗಾಯಕ್ಕೆ ಹೊಲಿಗೆ ಹಾಕುವುದನ್ನು ನಾವು ಕಲಿತಷ್ಟು ಬೇಗ ಅದರ ನೋವು ತಗ್ಗಿಸುವುದನ್ನು ಕಲಿಯಲಿಲ್ಲ.

ನಮ್ಮ ಊರುಗಳಲ್ಲಿ ಈಗ ಸಾಕುವ ಗಿಳಿಗಳು ಬಹುಪಾಲು ಹೊರದೇಶದ ಮೂಲದವು. ಆಸ್ಟ್ರೇಲಿಯಾ ಮೂಲದ ಕಾಕಟೀಲ್, ಅಂಗಡಿಯವರು ‘ಲವ್ ಬರ್ಡ್ಸ್’ ಎಂದೇ ಮಾರುವ ಬಜರಿಗರ್, ದಕ್ಷಿಣ ಅಮೆರಿಕದ ಕನ್ಯೂರ್ ಮತ್ತು ಮಕಾವ್, ಆಫ್ರಿಕಾದ ಬೂದು ಗಿಳಿ. ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮದೇ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದು ಗಾಯಗೊಂಡು ನಿಮ್ಮ ಅಂಗಳದಲ್ಲಿ ಬಿದ್ದಿದ್ದರೆ ಅರಣ್ಯ ಇಲಾಖೆಗೋ ಹಕ್ಕಿಗಳ ರಕ್ಷಣಾ ಕೇಂದ್ರಕ್ಕೋ ತಲುಪಿಸಿ. ಮನೆಯೊಳಗೆ ಸ್ವಚ್ಛಂದವಾಗಿ ಬಿಟ್ಟ ಗಿಳಿಗಳಿಗೆ ಆಗುವ ಪೆಟ್ಟುಗಳಲ್ಲಿ ಸೀಲಿಂಗ್ ಫ್ಯಾನಿನದು ಕೆಟ್ಟದ್ದು. ರೆಕ್ಕೆ ಮುರಿಯುತ್ತದೆ, ಕೊಕ್ಕು ಸೀಳುತ್ತದೆ. ಬಾಗಿಲ ಸಂದಿಗೆ ಕಾಲು ಸಿಕ್ಕುವುದು, ನಾಯಿ ಬೆಕ್ಕು ಹಿಡಿಯುವುದು, ಒಲೆಯ ಮೇಲಿನ ಬಿಸಿ ಪಾತ್ರೆಯ ಮೇಲೆ ಇಳಿಯುವುದು ಇದ್ದೇ ಇವೆ. ವಯಸ್ಸಾದ ಗಿಳಿಗಳಿಗೆ ಕೀಲುನೋವು ಬರುತ್ತದೆ. ದೊಡ್ಡ ಜಾತಿಯ ಗಿಳಿಗಳು ಹಲವು ದಶಕ ಬದುಕುವುದರಿಂದ ಅದು ವರ್ಷಗಟ್ಟಲೆ ಕಾಡುವ ನೋವು.

ಇಂಥ ಹಕ್ಕಿಯನ್ನು ತಂದವರು ಕೇಳುವ ಒಂದು ಪ್ರಶ್ನೆ ಇದೆ. “ಡಾಕ್ಟ್ರೇ, ಇದಕ್ಕೆ ಅಷ್ಟೇನೂ ನೋವಿಲ್ಲ ಅನ್ಸುತ್ತೆ, ಸುಮ್ನೆ ಕೂತಿದೆಯಲ್ಲ?” ಕೇಳುವವರಿಗೆ ಹಕ್ಕಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ನಾಯಿಯ ಕಾಲು ಮುರಿದರೆ ಅದು ಕುಂಯ್‌ಗುಡುತ್ತದೆ. ಗಿಳಿ ಹಾಗೆ ಮಾಡುವುದಿಲ್ಲ. ಕಾಡಿನಲ್ಲಿ ಗಿಳಿ ಬೇಟೆಗೆ ಸಿಕ್ಕುವ ಪ್ರಾಣಿ. ಹಿಂಡಿನಲ್ಲಿ ಸೊರಗಿ ಕಂಡ ಹಕ್ಕಿಯ ಮೇಲೆಯೇ ಡೇಗೆಯ ಕಣ್ಣು ಬೀಳುವುದು. ಆದ್ದರಿಂದ ನೋವನ್ನು ತೋರಗೊಡದೆ ಕೂರುವುದು ಅದರ ಹುಟ್ಟುಗುಣ. ಅದರಲ್ಲೂ ಅಪರಿಚಿತ ಜಾಗದಲ್ಲಿ, ಅಪರಿಚಿತ ಮುಖಗಳ ಮುಂದೆ, ಅಂದರೆ ಆಸ್ಪತ್ರೆಯ ಮೇಜಿನ ಮೇಲೆ, ಅದು ತನ್ನ ಶಕ್ತಿಯನ್ನೆಲ್ಲ ಕೂಡಿಸಿ ನೆಟ್ಟಗೆ ಕೂರುತ್ತದೆ. ‘ಹಲೋ’, ‘ಊಟ ಆಯ್ತಾ’ ಎಂದೆಲ್ಲ ಮಾತಾಡುವ ಗಿಳಿಯಾದರೂ ‘ನೋಯುತ್ತಿದೆ’ ಎಂದು ಹೇಳುವುದಿಲ್ಲ. ಮಾತಾಡುವ ಗಿಳಿ ಮಾತು ನಿಲ್ಲಿಸಿದರೆ ಅದನ್ನೇ ನಾವು ದೂರು ಎಂದು ತಿಳಿಯಬೇಕು.

ಹಕ್ಕಿಗಳಿಗೆ ನಮ್ಮಂತೆ ನೋವಾಗುತ್ತದೆಯೇ ಎಂದು ಅನುಮಾನಪಟ್ಟವರು ಹಿಂದೆ ವಿಜ್ಞಾನಿಗಳಲ್ಲೂ ಇದ್ದರು. ಆ ಅನುಮಾನ ತೀರಲು ಕೋಳಿಗಳು ಕಾರಣವಾದವು. 1980ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮೈಕೆಲ್ ಜೆಂಟಲ್ ಮತ್ತು ಸಂಗಡಿಗರು ಫಾರಂ ಕೋಳಿಗಳ ಕತ್ತರಿಸಿದ ಕೊಕ್ಕುಗಳನ್ನು ಪರೀಕ್ಷಿಸಿದರು. ಕತ್ತರಿಸಿದ ಜಾಗದಲ್ಲಿ ನರದ ತುದಿಗಳು ಗಂಟುಕಟ್ಟಿ, ಯಾರೂ ಮುಟ್ಟದಿದ್ದರೂ ತಾವೇ ಸಂಕೇತ ಕಳಿಸುತ್ತಿದ್ದವು. ಕಾಲು ಕಳೆದುಕೊಂಡ ಮನುಷ್ಯರ ನರದಲ್ಲಿ ಆಗುವುದೂ ಇಂಥದ್ದೇ. ಮುಂದೆ, 2000ನೇ ಇಸವಿಯಲ್ಲಿ ಪ್ರಕಟವಾದ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು ನನ್ನ ಮಟ್ಟಿಗೆ ಈ ವಾದವನ್ನೇ ಮುಗಿಸಿತು. ಕುಂಟುವ ಬ್ರಾಯ್ಲರ್ ಕೋಳಿಗಳ ಮುಂದೆ ಬೇರೆ ಬೇರೆ ಬಣ್ಣದ ಎರಡು ಬಗೆಯ ಆಹಾರ ಇಟ್ಟರು. ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವಿನ ಔಷಧಿ ಬೆರೆಸಿತ್ತು. ಆರೋಗ್ಯವಾಗಿದ್ದ ಕೋಳಿಗಳಿಗಿಂತ ಕುಂಟುವ ಕೋಳಿಗಳು ಆ ಔಷಧಿಯ ಆಹಾರವನ್ನು ಹೆಚ್ಚು ತಿಂದವು. ಕುಂಟು ಜಾಸ್ತಿಯಾದಷ್ಟೂ ತಿನ್ನುವುದೂ ಜಾಸ್ತಿಯಾಯಿತು. ತನಗೆ ಯಾವುದರಿಂದ ಹಾಯಾಗುತ್ತದೆ ಎಂದು ಕಂಡುಕೊಂಡು ಕೋಳಿಯೇ ಹೋಗಿ ತಿನ್ನುತ್ತಿದ್ದ ಮೇಲೆ, ಅದಕ್ಕೆ ನೋವಿದೆಯೋ ಇಲ್ಲವೋ ಎಂದು ನಾವು ಚರ್ಚೆ ಮಾಡುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಇನ್ನು ಔಷಧಿಯ ವಿಷಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ. ಅದರ ದಾರಿಯಲ್ಲೇ ಪ್ರಯೋಗಾಲಯಗಳಲ್ಲಿ ತಯಾರಾದ ಔಷಧಿಗಳನ್ನೆಲ್ಲ ಸೇರಿಸಿ ಓಪಿಯಾಯ್ಡ್ ಎನ್ನುತ್ತೇವೆ. ಫೆಂಟನಿಲ್, ಬ್ಯುಪ್ರೆನಾರ್ಫಿನ್, ಟ್ರಾಮಡಾಲ್, ಬ್ಯುಟಾರ್ಫನಾಲ್ ಎಲ್ಲ ಈ ಮನೆತನದವೇ. ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳ ಮೇಲೆ ಇವು ಬಂದು ಕೂರಲು ರಿಸೆಪ್ಟರ್‌ಗಳಿವೆ. ಅವುಗಳಲ್ಲಿ ಮ್ಯೂ ಮತ್ತು ಕಪ್ಪಾ ಎಂಬ ಎರಡು ಬಗೆ ನಮಗಿಲ್ಲಿ ಮುಖ್ಯ. ಮಾರ್ಫಿನ್ ಮುಖ್ಯವಾಗಿ ಮ್ಯೂ ಮೇಲೆ ಕೆಲಸ ಮಾಡುತ್ತದೆ. ಮನುಷ್ಯರಲ್ಲೂ ನಾಯಿಗಳಲ್ಲೂ ತೀವ್ರ ನೋವಿಗೆ ಮ್ಯೂ ಹಿಡಿಯುವ ಔಷಧಿಗಳದೇ ಮೇಲುಗೈ. ಬ್ಯುಟಾರ್ಫನಾಲ್ ಬೇರೆ ಥರ. ಅದು ಕಪ್ಪಾವನ್ನು ಎಬ್ಬಿಸುತ್ತದೆ, ಮ್ಯೂ ವಿಷಯದಲ್ಲಿ ಅರೆಮನಸ್ಸು, ಕೆಲವೊಮ್ಮೆ ಅಡ್ಡಗಾಲು. ಹೀಗಾಗಿ ನಾಯಿಯ ದೊಡ್ಡ ಆಪರೇಷನ್‌ಗೆ ಅದೊಂದೇ ಸಾಲದು ಎಂದು ನಾವೆಲ್ಲ ಓದಿಕೊಂಡವರು.

ಆ ಲೆಕ್ಕವನ್ನು ಹಾಗೇ ಗಿಳಿಗೆ ಹಚ್ಚಬಹುದೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೋಆನ್ ಪಾಲ್-ಮರ್ಫಿ ಎಂಬ ಪಶುವೈದ್ಯೆ ಮತ್ತು ಸಂಗಡಿಗರು ಇದನ್ನು ಗಿಳಿಯನ್ನೇ ಕೇಳಿದರು. 1999ರಲ್ಲಿ ಪ್ರಕಟವಾದ ಅವರ ಕೆಲಸ ಆಫ್ರಿಕದ ಬೂದು ಗಿಳಿಗಳ ಮೇಲೆ. ಗಿಳಿ ಕೂರುವ ಕೋಲಿನ ಮೂಲಕ ಅದರ ಪಾದಕ್ಕೆ ಅತಿ ಸಣ್ಣ ವಿದ್ಯುತ್ ಸೋಂಕುವಂತೆ ಏರ್ಪಾಟು. ಮೆಲ್ಲಗೆ ಏರಿಸುತ್ತ ಹೋದಾಗ ಒಂದು ಹಂತದಲ್ಲಿ ಗಿಳಿ ತಟ್ಟನೆ ಕಾಲೆತ್ತುತ್ತದೆ. ಅದು ಅದರ ನೋವಿನ ಹೊಸ್ತಿಲು. ಔಷಧಿ ಕೊಟ್ಟ ಮೇಲೆ ಆ ಹೊಸ್ತಿಲು ಮೇಲೇರಿದರೆ ಔಷಧಿ ಕೆಲಸ ಮಾಡಿತು ಎಂದರ್ಥ. ಕಿಲೋ ತೂಕಕ್ಕೆ 1 ಮಿಲಿಗ್ರಾಂ ಲೆಕ್ಕದಲ್ಲಿ ಬ್ಯುಟಾರ್ಫನಾಲ್ ಕೊಟ್ಟಾಗ ಹೊಸ್ತಿಲು ಏರಿತು. ಕಿಲೋಗೆ 0.1 ಮಿಲಿಗ್ರಾಂ ಬ್ಯುಪ್ರೆನಾರ್ಫಿನ್ ಕೊಟ್ಟಾಗ ಏರಲಿಲ್ಲ. ನಾಯಿ ಬೆಕ್ಕುಗಳಿಗೆ ನಾವು ನಂಬಿ ಕೊಡುವ ಔಷಧಿ ಆ ಪ್ರಮಾಣದಲ್ಲಿ ಈ ಗಿಳಿಗೆ ಪ್ರಯೋಜನಕ್ಕೆ ಬರಲಿಲ್ಲ, ಎರಡನೆಯ ದರ್ಜೆಯದು ಎಂದು ಬದಿಗಿಟ್ಟದ್ದು ಬಂತು.

ನೋವು ಅಳೆಯಲು ನೋವು ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಗಿಳಿ ಕಾಲೆತ್ತಿದೊಡನೆ ತಪ್ಪಿಹೋಗುವ ಆ ಕ್ಷಣದ ಚುರುಕು ಇಲ್ಲದಿದ್ದರೆ, ಇಂದಿಗೂ ಲೆಕ್ಕವಿಲ್ಲದಷ್ಟು ಗಿಳಿಗಳು ನಿಷ್ಪ್ರಯೋಜಕ ಇಂಜೆಕ್ಷನ್ ಚುಚ್ಚಿಸಿಕೊಂಡು ಆಪರೇಷನ್ನಿನ ನೋವನ್ನು ಪೂರ್ತಿ ಉಣ್ಣುತ್ತಿದ್ದವು ಎಂಬುದು ನನ್ನ ಉತ್ತರ.

ಇದಕ್ಕೆ ಕಾರಣ ಏನಿರಬಹುದು? 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಾರಿವಾಳದ ಮುಂಮಿದುಳಿನ ಓಪಿಯಾಯ್ಡ್ ರಿಸೆಪ್ಟರ್‌ಗಳಲ್ಲಿ ಸುಮಾರು ಶೇಕಡಾ 76ರಷ್ಟು ಕಪ್ಪಾ ಎಂದು ಲೆಕ್ಕ ಹಾಕಿತ್ತು. ಹಕ್ಕಿಗಳೆಲ್ಲ ಕಪ್ಪಾ ಪ್ರಾಣಿಗಳು, ಹಕ್ಕಿಗೆ ಬ್ಯುಟಾರ್ಫನಾಲ್ ಕೊಟ್ಟರಾಯಿತು ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು. ಕೆಲವು ವರ್ಷ ನಮ್ಮ ಪಠ್ಯಗಳೂ ಅದನ್ನೇ ಹೇಳಿದವು. ಆಮೇಲೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಯಾಂಚೆಝ್-ಮಿಗಾಯೋನ್ ಗುಸ್ಮಾನ್ ಮತ್ತು ಪಾಲ್-ಮರ್ಫಿ ಮುಂತಾದವರು ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆ ಹಕ್ಕಿಯನ್ನು ಪರೀಕ್ಷಿಸಿದರು. ಅಲ್ಲಿ ಎಲ್ಲ ತಲೆಕೆಳಗು. ಬ್ಯುಟಾರ್ಫನಾಲ್ ಕೆಸ್ಟ್ರೆಲ್‌ನ ನೋವು ತಗ್ಗಿಸಲಿಲ್ಲ. ಮ್ಯೂ ಹಿಡಿಯುವ ಹೈಡ್ರೋಮಾರ್ಫೋನ್ ತಗ್ಗಿಸಿತು, ಬ್ಯುಪ್ರೆನಾರ್ಫಿನ್ ಕೂಡ ತಗ್ಗಿಸಿತು. ಸರಿ, ಹಾಗಾದರೆ ಹೈಡ್ರೋಮಾರ್ಫೋನನ್ನು ಗಿಳಿಗೂ ಕೊಟ್ಟು ನೋಡೋಣವೆಂದರೆ, ಕೆಸ್ಟ್ರೆಲ್‌ಗೆ ಸಾಕಾದ ಪ್ರಮಾಣ ಕಾಕಟೀಲ್‌ಗೆ ಏನೂ ಮಾಡಲಿಲ್ಲ. ಕಿತ್ತಳೆ ರೆಕ್ಕೆಯ ಅಮೆಜಾನ್ ಗಿಳಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಕೊಟ್ಟಾಗ ನೋವು ತಗ್ಗಿತು, ಆದರೆ ಹೊಟ್ಟೆ ತೊಳಸಿದ ಹಾಗೆ ಒದ್ದಾಟ, ತೂರಾಟ ಜೊತೆಗೆ ಬಂತು. ಬಿಳಿ ಕಾಕಟೂಗಳಿಗೆ ಕೊಟ್ಟ ಫೆಂಟನಿಲ್ ಕಥೆಯೂ ಇಂಥದ್ದೇ. ಕಡಿಮೆ ಪ್ರಮಾಣ ನಾಟಲಿಲ್ಲ, ಹತ್ತು ಪಟ್ಟು ಕೊಟ್ಟಾಗ ನಾಟಿತು, ಆದರೆ ಕೆಲವು ಹಕ್ಕಿಗಳು ಕೂತಲ್ಲಿ ಕೂರಲಾರದಷ್ಟು ಕೆರಳಿದವು.

ಆದ್ದರಿಂದ ‘ಹಕ್ಕಿಗೆ ಕೊಡುವ ನೋವಿನ ಔಷಧಿ’ ಎಂದು ಒಂದು ಬಾಟಲಿಗೆ ಚೀಟಿ ಅಂಟಿಸಿಡಲು ಬರುವುದಿಲ್ಲ. ಗಿಳಿಗಳಿಗೆ ಇವತ್ತಿಗೂ ಮೊದಲ ಆಯ್ಕೆ ಬ್ಯುಟಾರ್ಫನಾಲ್. ಉಳಿದದ್ದನ್ನು ಜಾತಿ ನೋಡಿಯೇ ತೀರ್ಮಾನಿಸಬೇಕು.

ಹಕ್ಕಿಯ ಜಾತಿ ನೋಡದೆ ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶದಷ್ಟು ಘೋರವಾಗಿ ಕಂಡವರು ಬೇರೆ ಯಾರೂ ಇಲ್ಲ. ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಓಪಿಯಾಯ್ಡ್ ಅಲ್ಲ, ಬೇರೆ ಬಗೆಯದು. ಸತ್ತ ದನದ ಮಾಂಸದಲ್ಲಿ ಉಳಿದ ಅದರ ಅಂಶ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. ಕಾರಣ ಬೆಳಕಿಗೆ ಬಂದದ್ದು 2004ರಲ್ಲಿ, ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ ನಿಲ್ಲಿಸಹೊರಟದ್ದು 2006ರಲ್ಲಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದಿಗಾಗಿ ಧಾಮ ಮಾಡಿ ಕಾಯುವ ಸ್ಥಿತಿ ಬಂದದ್ದರ ಹಿಂದೆ ಈ ದುರಂತವೂ ಇದೆ. ಡೈಕ್ಲೋಫೆನಾಕ್ ಬದಲಿಗೆ ರಣಹದ್ದಿಗೆ ಅಪಾಯವಿಲ್ಲವೆಂದು ಪರೀಕ್ಷಿಸಿ ಸೂಚಿಸಿದ ಮೆಲಾಕ್ಸಿಕಾಮ್ ಈಗ ಗಿಳಿವೈದ್ಯರ ಕೈಯಲ್ಲೂ ದಿನನಿತ್ಯದ ಔಷಧಿ. ಹಾಗಾಗಿ ಮನೆಯಲ್ಲಿ ಸೊಂಟನೋವಿಗೆಂದು ತಂದಿಟ್ಟ ಮಾತ್ರೆ ಮುರಿದು ಗಿಳಿಗೆ ಹಾಕಬೇಡಿ, ಚೂರೇ ಚೂರು ಕೂಡ ಬೇಡ. ದಯವಿಟ್ಟು ಇದನ್ನು ನೆನಪಿಡಿ.

ಚೂರು ಎಂದೆ. ಗಿಳಿಯ ವಿಷಯದಲ್ಲಿ ಚೂರು ಎಂದರೆ ಎಷ್ಟು ಎಂಬುದನ್ನೂ ಹೇಳುತ್ತೇನೆ. ಕಾಕಟೀಲ್ ಸುಮಾರು 90 ಗ್ರಾಂ ತೂಗುತ್ತದೆ. ಬಜರಿಗರ್ ಇನ್ನೂ ಹಗುರ, 30–40 ಗ್ರಾಂ. ನಮ್ಮಲ್ಲಿ ಸಿಗುವ ಬ್ಯುಟಾರ್ಫನಾಲ್ ಆಂಪೂಲ್‌ನಲ್ಲಿ ಒಂದು ಮಿಲಿಲೀಟರಿಗೆ 2 ಮಿಲಿಗ್ರಾಂ ಔಷಧಿ ಇದ್ದರೆ, ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಕಾಕಟೀಲ್‌ಗೆ ಬೇಕಾದದ್ದು 0.045 ಮಿಲಿಲೀಟರ್. ಸಕ್ಕರೆ ಕಾಯಿಲೆಯವರು ಬಳಸುವ ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಗೆರೆಯನ್ನೂ ಮುಟ್ಟದ ಹನಿ ಅದು. ಬೆರಳು ಒಂದು ಗೆರೆ ಜಾರಿದರೆ ಔಷಧಿ ಒಂದೂವರೆ ಪಟ್ಟಾಯಿತು. ಅದಕ್ಕೇ ನಾವು ಮೊದಲು ಗಿಳಿಯನ್ನು ಗ್ರಾಂ ತಕ್ಕಡಿಯಲ್ಲಿ ತೂಗಿ, ಔಷಧಿಯನ್ನು ಸಲೈನ್‌ನಲ್ಲಿ ತಿಳಿಮಾಡಿ, ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ತೆಗೆದು, ಎದೆಮೂಳೆಯ ಪಕ್ಕದ ಮಾಂಸಖಂಡಕ್ಕೆ ಚುಚ್ಚುವುದು. ಒಬ್ಬರು ಟವೆಲಿನಲ್ಲಿ ಹಿಡಿದಿರುತ್ತಾರೆ, ಎದೆಯನ್ನು ಅದುಮದಂತೆ. ಹಕ್ಕಿಗೆ ನಮ್ಮ ಹಾಗೆ ಉಸಿರಾಟಕ್ಕೆ ವಪೆ ಇಲ್ಲ, ಎದೆಗೂಡು ಹಿಂದೆಮುಂದೆ ಆಡಿದರೆ ಮಾತ್ರ ಉಸಿರು.

ಇಷ್ಟೆಲ್ಲ ಮಾಡಿ ಕೊಟ್ಟ ಔಷಧಿ ಎಷ್ಟು ಹೊತ್ತು ನಿಲ್ಲುತ್ತದೆ? ಗಿಳಿಯ ಮೈಯಲ್ಲಿ ಬ್ಯುಟಾರ್ಫನಾಲ್ ಎರಡು ಮೂರು ಗಂಟೆಯಲ್ಲಿ ಇಳಿದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಕಠಿಣ ಗಂಟು ಇದೇ. ಸಂಜೆ ರೆಕ್ಕೆಯ ಆಪರೇಷನ್ ಆದ ಗಿಳಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಮತ್ತೆ ಇಂಜೆಕ್ಷನ್ ಬೇಕು. ಪ್ರತಿ ಬಾರಿ ಹಿಡಿಯುವುದೇ ಅದಕ್ಕೊಂದು ಗಾಬರಿ. ಬಾಯಲ್ಲಿ ಹಾಕಿದರೆ? ಹಿಸ್ಪಾನಿಯೋಲಾ ಅಮೆಜಾನ್ ಗಿಳಿಗಳಲ್ಲಿ ಅದನ್ನೂ ನೋಡಿದ್ದಾರೆ. ಬಾಯಿಂದ ಕೊಟ್ಟದ್ದರಲ್ಲಿ ಶೇಕಡಾ 10 ಕೂಡ ರಕ್ತ ಸೇರಲಿಲ್ಲ. ಇದಕ್ಕೆ ಪರಿಹಾರವಾಗಿ, ಔಷಧಿಯನ್ನು ಕೊಬ್ಬಿನ ಅತಿಸೂಕ್ಷ್ಮ ಗುಳಿಗೆಗಳೊಳಗೆ ತುಂಬಿ ಚರ್ಮದಡಿ ಕೊಟ್ಟು, ನಿಧಾನಕ್ಕೆ ಬಿಡುಗಡೆಯಾಗುವಂತೆ ಮಾಡುವ ಪ್ರಯತ್ನ ವಿಸ್ಕಾನ್ಸಿನ್‌ನಲ್ಲಿ ನಡೆಯಿತು. ಒಂದು ಇಂಜೆಕ್ಷನ್ ದಿನಗಟ್ಟಲೆ ರಕ್ತದಲ್ಲಿ ಉಳಿಯಿತು. ಕೀಲು ಊದಿದ ಪುಟ್ಟ ಕನ್ಯೂರ್ ಗಿಳಿಗಳನ್ನು ಎರಡು ಕಾಲಿನ ಭಾರವನ್ನೂ ಬೇರೆ ಬೇರೆಯಾಗಿ ಅಳೆಯುವ ಕೋಲಿನ ಮೇಲೆ ಕೂರಿಸಿ ನೋಡಿದರೆ, ಔಷಧಿ ಪಡೆದವು ನೋಯುವ ಕಾಲನ್ನೂ ಊರಲು ತೊಡಗಿದ್ದವು. ಇದು 2009ರಲ್ಲಿ ಪ್ರಕಟವಾಯಿತು. ಇಂಥ ಸೊಗಸಾದ ಕೆಲಸ ಪ್ರಯೋಗಾಲಯ ದಾಟಿ ಸಾಮಾನ್ಯ ಕ್ಲಿನಿಕ್ಕಿನ ಕಪಾಟಿಗೆ ಬಾರದಿದ್ದದ್ದು ನನಗೆ ನಿಜಕ್ಕೂ ಬೇಸರದ ಸಂಗತಿ. ಗಿಳಿಗಳ ಸಂಖ್ಯೆ ನಂಬಿ ಔಷಧಿ ತಯಾರಿಸುವ ಕಂಪನಿಗಳು ಕಡಿಮೆ.

ಬಾಯಿಂದ ಕೊಡಬಹುದಾದದ್ದು ಟ್ರಾಮಡಾಲ್. ಅದೇ ಹಿಸ್ಪಾನಿಯೋಲಾ ಅಮೆಜಾನ್ ಗಿಳಿಗಳಲ್ಲಿ ಅದು ಕೆಲವು ಗಂಟೆ ಕೆಲಸ ಮಾಡಿದೆ. ಆದರೆ ಬೇಕಾದ ಪ್ರಮಾಣ, ತೂಕಕ್ಕೆ ಹೋಲಿಸಿದರೆ, ಮನುಷ್ಯರಿಗಿಂತ ಹಲವು ಪಟ್ಟು. ಬೇರೆ ಹಕ್ಕಿಗೆ ಲೆಕ್ಕ ಬೇರೆ. ಇದು ಮನೆಯಲ್ಲಿ ಊಹಿಸಿ ಕೊಡುವ ಔಷಧಿಯಲ್ಲ. 2018ರಿಂದ ಟ್ರಾಮಡಾಲ್ ಕೂಡ, ಬ್ಯುಪ್ರೆನಾರ್ಫಿನ್ ಹಾಗೆ, ಮಾದಕದ್ರವ್ಯ ನಿಯಂತ್ರಣ ಕಾಯ್ದೆಯ ಅಡಿ ಬರುತ್ತದೆ. ಲೆಕ್ಕಪುಸ್ತಕ ಇಡಬೇಕು, ಚೀಟಿಯಿಲ್ಲದೆ ಕೊಡುವಂತಿಲ್ಲ. ದುರುಪಯೋಗ ತಡೆಯಲು ಅದು ಬೇಕು. ಆದರೆ ಕಾನೂನಿನ ಅಂಜಿಕೆಯಿಂದ ಓಪಿಯಾಯ್ಡ್ ಗೋಜೇ ಬೇಡವೆಂದು ಕೈಬಿಟ್ಟರೆ ಅದರ ಬೆಲೆ ತೆರುವುದು ಮೇಜಿನ ಮೇಲಿನ ಹಕ್ಕಿ. ಬ್ಯುಟಾರ್ಫನಾಲ್ ಮನುಷ್ಯರ ಆಪರೇಷನ್‌ಗಳಲ್ಲಿ ನಮ್ಮ ಆಸ್ಪತ್ರೆಗಳು ಬಳಸುತ್ತಲೇ ಬಂದಿರುವ ಇಂಜೆಕ್ಷನ್. ತರಿಸಿಡುವುದು ಆಗದ ಕೆಲಸವೇನಲ್ಲ.

ಓಪಿಯಾಯ್ಡ್ ಒಂದರಿಂದಲೇ ಎಲ್ಲ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆಪರೇಷನ್‌ಗೆ ಮೊದಲೇ ಬ್ಯುಟಾರ್ಫನಾಲ್, ಕತ್ತರಿಸುವ ಜಾಗಕ್ಕೆ ಅಳತೆಯ ಮರಗಟ್ಟಿಸುವ ಮದ್ದು, ಊತಕ್ಕೆ ಮೆಲಾಕ್ಸಿಕಾಮ್, ಮುರಿದ ಭಾಗ ಅಲುಗದಂತೆ ಕಟ್ಟು, ಬೆಚ್ಚಗಿನ ಜಾಗ, ಇವೆಲ್ಲ ಒಟ್ಟಿಗೆ ಸೇರಿ ನೋವನ್ನು ತಡೆಯುತ್ತವೆ. ಬ್ಯುಟಾರ್ಫನಾಲ್ ಕೊಟ್ಟ ಗಿಳಿ ಸ್ವಲ್ಪ ಮಂಕಾಗಬಹುದು, ಕೆಲ ಹೊತ್ತು ಕಾಳು ಮುಟ್ಟದಿರಬಹುದು. ಮಂಕು ಔಷಧಿಯದೋ ನೋವಿನದೋ ಎಂದು ತಿಳಿಯುವುದು ಅನುಭವಿಗೂ ಸುಲಭವಲ್ಲ.

ಇಲ್ಲಿ ನಿಮ್ಮ ನೆರವು ನಮಗೆ ಬೇಕು. ನಿಮ್ಮ ಗಿಳಿ ಆರೋಗ್ಯವಾಗಿದ್ದಾಗ ಹೇಗಿರುತ್ತದೆಂದು ನಿಮಗೆ ಗೊತ್ತು, ನಮಗೆ ಗೊತ್ತಿಲ್ಲ. ಯಾವ ಕಾಲಿನ ಮೇಲೆ ಮಲಗುತ್ತದೆ, ಯಾವ ಕಾಲಿಂದ ಕಡಲೆ ಹಿಡಿದು ತಿನ್ನುತ್ತದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಕೂಗುತ್ತದೆ, ಯಾರ ಹೆಗಲಿಗೆ ಹೋಗುತ್ತದೆ. ಹಗಲಲ್ಲೇ ಗರಿ ಉಬ್ಬಿಸಿ ಕಣ್ಣು ಅರೆಮುಚ್ಚಿ ಕೂತರೆ, ಎತ್ತರದ ಕೋಲು ಬಿಟ್ಟು ಪಂಜರದ ತಳಕ್ಕಿಳಿದರೆ, ಒಂದೇ ಜಾಗದ ಗರಿ ಕಿತ್ತುಕೊಳ್ಳುತ್ತಿದ್ದರೆ, ಸಾಧು ಗಿಳಿ ಏಕಾಏಕಿ ಕಚ್ಚಿದರೆ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತನ್ನಿ. ಆಸ್ಪತ್ರೆಯಲ್ಲಿ ಅದು ನಮ್ಮ ಮುಂದೆ ಗಟ್ಟಿಗನಂತೆ ನಟಿಸಿದರೂ ಆ ವಿಡಿಯೋ ನಿಜ ಹೇಳುತ್ತದೆ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ಬೆಳಿಗ್ಗೆ ಕಾಳು ಹಾಕುವ ಮೊದಲು ತೂಗಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಔಷಧಿಯ ಲೆಕ್ಕ ಶುರುವಾಗುವುದೇ ಆ ಸಂಖ್ಯೆಯಿಂದ.

ಆಪರೇಷನ್ ಇದೆ ಎಂದಾಗ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ನೋವಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತಿಗೊಮ್ಮೆ, ರಾತ್ರಿ ಯಾರು ಕೊಡುತ್ತಾರೆ. ರಾತ್ರಿ ಯಾರೂ ಇರುವುದಿಲ್ಲವೆಂದಾದರೆ ಆಪರೇಷನ್ನನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬಹುದೇ ಎಂದೂ ಕೇಳಿ. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಆಗುತ್ತದೆ. ಹಾಗೆ ಮಾಡಿದರೆ ನೋವು ಹೆಚ್ಚಿರುವ ಮೊದಲ ಗಂಟೆಗಳು ಹಗಲಿನಲ್ಲೇ, ಇಂಜೆಕ್ಷನ್ ಕೊಡುವವರ ಕಣ್ಣೆದುರೇ ಕಳೆಯುತ್ತವೆ. ಮನೆಗೆ ಕರೆತಂದ ಮೇಲೆ ಕೋಲುಗಳನ್ನು ತಗ್ಗಿಸಿ ಕಟ್ಟಿ, ನೀರು ಕಾಳು ಹತ್ತದೆ ಇಳಿಯದೆ ಸಿಗುವಂತಿಡಿ, ಪಂಜರದ ಒಂದು ಬದಿ ಬೆಚ್ಚಗಿರಲಿ, ಫ್ಯಾನ್ ಬಂದ್ ಇರಲಿ. ಮರುದಿನ ಬೆಳಿಗ್ಗೆ ಮತ್ತೆ ತೂಗಿ, ಹಿಕ್ಕೆ ಎಷ್ಟು ಹಾಕಿದೆ ನೋಡಿ, ಎರಡನ್ನೂ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ.